ಕಟ್ಟಿ ಮೇಯಿಸಿದ ಟಗರು ಮಾರೋ ಹದಕ್ಕೆ ಬಂತಾ? ಹೀಗೆ ನೋಡಿ

ಕಾರ್ಖಾನೆ ಕಬ್ಬು ಅರೆಯೋ ತಿಂಗಳುಗಳಲ್ಲಿ ನಮ್ಮ ಮಾಕವಳ್ಳಿ ಸುತ್ತ ಹಸಿರು ಸೋಗೆಗೆ ಬರವಿಲ್ಲ. ಅದರ ಜೊತೆ ಅಗಸೆ ಸೊಪ್ಪು, ಹುರುಳಿ, ಕಡಲೆಕಾಯಿ ಹಿಂಡಿ ಕೊಟ್ಟು ಬಂಡೂರು ಟಗರು ಮರಿ ಬೆಳೆಸೋಕೆ ಅನುಕೂಲ ಇದೆ. ಮೇಯಿಸೋದು ಎಲ್ಲರಿಗೂ ಗೊತ್ತು. ಆದ್ರೆ ಲಾಭ ನಿಂತಿರೋದು ಯಾವತ್ತು ಮಾರ್ತೀವಿ ಅನ್ನೋದ್ರ ಮೇಲೆ. ಹದ ಬರೋ ಮೊದಲೇ ಕೊಟ್ಟರೆ ಮಾಂಸ ಕಡಿಮೆ. ಹದ ಮೀರಿದ್ರೆ ಹಾಕಿದ ಹಿಂಡಿಯೆಲ್ಲ ಕೊಬ್ಬಾಗುತ್ತೆ.

1. ಬೆನ್ನು ಮುಟ್ಟಿ ನೋಡಿ
ಉಣ್ಣೆ ತುಂಬಿದ ಮರಿ ಕಣ್ಣಿಗೆ ದಪ್ಪ ಕಾಣುತ್ತೆ. ಕೊನೆ ಪಕ್ಕೆಲುಬಿನ ಹಿಂದೆ, ಬೆನ್ನುಮೂಳೆ ಮೇಲೆ ಬೆರಳಿಡಿ. ಮೂಳೆ ಚೂಪಾಗಿ ಸಿಕ್ಕರೆ ಇನ್ನೂ ಮೇಯಿಸಬೇಕು. ಒತ್ತಿದಾಗ ಮಾತ್ರ ಸಿಕ್ಕಿ, ಎರಡೂ ಪಕ್ಕ ಮಾಂಸ ತುಂಬಿದ್ರೆ ಹದ ಬಂದಿದೆ. ಒತ್ತಿದ್ರೂ ಮೂಳೆ ಸಿಗದಿದ್ರೆ ಹದ ಮೀರಿದೆ.

2. ಅಳತೆ ತಗೊಳ್ಳಿ
ತಕ್ಕಡಿ ಇಲ್ವಾ? ದರ್ಜಿ ಟೇಪು ಸಾಕು. ಮುಂಗಾಲ ಹಿಂದೆ, ಉಣ್ಣೆ ಒತ್ತಿ ಎದೆ ಸುತ್ತಳತೆ ನೋಡಿ. ಆಮೇಲೆ ಭುಜದ ಮುಂತುದಿಯಿಂದ ಬಾಲದ ಬುಡದ ಪಕ್ಕದ ಮೂಳೆವರೆಗೆ ಉದ್ದ ನೋಡಿ. ಎರಡೂ ಇಂಚಿನಲ್ಲಿರಲಿ. ಸುತ್ತಳತೆ × ಸುತ್ತಳತೆ × ಉದ್ದ ÷ 660 ಮಾಡಿದ್ರೆ ಅಂದಾಜು ಕೆ.ಜಿ. ಸಿಗುತ್ತೆ. ಸುತ್ತಳತೆ 26, ಉದ್ದ 24 ಇದ್ರೆ ಸುಮಾರು 24.5 ಕೆ.ಜಿ. ಇದರಲ್ಲಿ ಮಾಂಸ 11–12 ಕೆ.ಜಿ. ಬರಬಹುದು. ಯಾವಾಗ್ಲೂ ಬೆಳಿಗ್ಗೆ ಮೇವು, ನೀರು ಕೊಡೋ ಮೊದಲೇ ಅಳೆಯಿರಿ. ಬಂಡೂರು ಗಿಡ್ಡ ತಳಿ, ಉತ್ತರ ಕರ್ನಾಟಕದ ಕೆಂಗುರಿ ತೂಕಕ್ಕೆ ಹೋಲಿಸಿ ಕಾಯ್ಬೇಡಿ.

3. 15 ದಿನಕ್ಕೊಮ್ಮೆ ಲೆಕ್ಕ ಹಾಕಿ
ಉದಾಹರಣೆಗೆ, ಒಂದು ಮರಿಗೆ ದಿನಕ್ಕೆ 25 ರೂಪಾಯಿ ಖರ್ಚು ಅಂದ್ರೆ 15 ದಿನಕ್ಕೆ 375. ಜೀವತೂಕಕ್ಕೆ ಕೆ.ಜಿ.ಗೆ 400 ರೂಪಾಯಿ ಬೆಲೆ ಇದೆ ಅಂತಿಟ್ಕೊಳ್ಳಿ. ಮರಿ ಒಂದೂವರೆ ಕೆ.ಜಿ. ಏರಿದ್ರೆ 600 ರೂಪಾಯಿ ಬಂತು, ಇಟ್ಕೊಳ್ಳಿ. ಮುಕ್ಕಾಲು ಕೆ.ಜಿ. ಮಾತ್ರ ಏರಿದ್ರೆ ಬಂದಿದ್ದು 300. ಬೆನ್ನೂ ತುಂಬಿದ್ರೆ ಅವತ್ತೇ ಗಿರಾಕಿ ಹುಡುಕಿ. ಬೆನ್ನು ಬಡಕಲಾಗಿದ್ದು ತೂಕ ಏರದಿದ್ರೆ ಜಂತು ಇರಬಹುದು, ಪಶುವೈದ್ಯರಿಗೆ ತೋರಿಸಿ.

4. ಹಬ್ಬದ ದಿನದಿಂದ ಹಿಂದಕ್ಕೆ ಎಣಿಸಿ
ಯುಗಾದಿ ಮಾರನೇ ದಿನದ ಹೊಸತೊಡಕಿಗೆ ಎಳೆ ಮಾಂಸ ಕೇಳ್ತಾರೆ, ಬೆನ್ನು ತುಂಬಿದ್ರೆ ಸಾಕು. ಬಕ್ರೀದ್‌ಗೆ ವಯಸ್ಸು, ಹಲ್ಲು ನೋಡ್ತಾರೆ. ಕುಂಟು, ಕುರುಡು, ಕಿವಿ ಹರಿದಿದ್ದು ಆಗಲ್ಲ. ಬಕ್ರೀದ್ ಪ್ರತಿ ವರ್ಷ ಸುಮಾರು 11 ದಿನ ಮುಂಚೆ ಬರುತ್ತೆ, ಮರಿ ತರುವಾಗಲೇ ಕ್ಯಾಲೆಂಡರ್ ನೋಡಿ. ಕೊನೆ ವಾರ ತೂಕ ಏರಿಸೋಕೆ ಅಂತ ಜೋಳ, ಅಕ್ಕಿ ಸುರಿಬೇಡಿ. ಹೊಟ್ಟೆ ಹುಳಿಯಾಗಿ ಮರಿಯೇ ಸಾಯಬಹುದು.

5. ಔಷಧಿ ದಿನ ಬರೆದಿಡಿ
ಜಂತು ಔಷಧಿ, ಆಂಟಿಬಯಾಟಿಕ್ ಕೊಟ್ಟಿದ್ರೆ ಎಷ್ಟು ದಿನ ಮಾಂಸಕ್ಕೆ ಬಳಸಬಾರದು ಅಂತ ಲೇಬಲ್ ಮೇಲೆ ಇರುತ್ತೆ. ಅಷ್ಟು ದಿನ ಕಳೆಯದೆ ಮಾರ್ಬೇಡಿ. ತಿನ್ನೋರೂ ನಮ್ಮಂಥೋರೇ.

ತೋಟದಲ್ಲಿ ಮಾವು ಕೀಳುವಾಗ ನಾನು ಬಣ್ಣಕ್ಕಿಂತ ಮೊದಲು ತೊಟ್ಟಿನ ಪಕ್ಕದ ಭುಜ ತುಂಬಿದೆಯಾ ನೋಡ್ತೀನಿ. ಟಗರಿಗೂ ಅಂಥದ್ದೇ ಗುರುತು ಬೆನ್ನಲ್ಲಿದೆ. ಇವತ್ತೇ ಪ್ರತಿ ಮರಿಗೂ ನಂಬರ್ ಕೊಟ್ಟು, ಮೊಬೈಲ್‌ನಲ್ಲಿ ದಿನಾಂಕ, ಸುತ್ತಳತೆ, ಉದ್ದ, ಖರ್ಚು ಬರೆಯೋಕೆ ಶುರು ಮಾಡಿ. ವ್ಯಾಪಾರಿ ಬಂದು ಕಣ್ಣಂದಾಜಲ್ಲಿ ಬೆಲೆ ಕಟ್ಟೋ ಮೊದಲೇ ತೂಕ ಎಷ್ಟು ಅಂತ ನೀವೇ ಹೇಳಿ. ಚೌಕಾಸಿ ಅಲ್ಲಿಂದ ಶುರುವಾಗ್ಲಿ.