ಟ್ರ್ಯಾಕ್ಟರಿನ ಓರೆಯನ್ನು ತಿದ್ದುವ ಲೆಕ್ಕ

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಜಮಖಂಡಿ, ಮುಧೋಳ, ಬೀಳಗಿಗಳ ಒಕ್ಕಲು ಮನೆತನಗಳಲ್ಲಿರುವರು. ಕಬ್ಬಿನ ಸಾಲುಗಳ ವಿಷಯದಲ್ಲಿ ಅವರಿಗೆ ನಾನು ಕಲಿಸತಕ್ಕದ್ದೇನೂ ಇಲ್ಲ. ಆದರೂ ಉಪಗ್ರಹಗಳ ಸಂಕೇತವನ್ನು ಹಿಡಿದು ಟ್ರ್ಯಾಕ್ಟರನ್ನು ನೆಟ್ಟಗೆ ನಡೆಸುವ ಯಂತ್ರವು ಲೋಕದಲ್ಲಿ ಬಳಕೆಗೆ ಬಂದಿರುವದರಿಂದ, ಅದರಲ್ಲಡಗಿರುವ ಒಂದು ಚಿಕ್ಕ ಗಣಿತವನ್ನು ಇಲ್ಲಿ ವಿವರಿಸುವೆನು. ಹತ್ತನೆಯ ತರಗತಿಯ ತ್ರಿಕೋಣಮಿತಿಯೇ ಇದಕ್ಕೆ ಸಾಕು.

ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಭೂಮಿಯನ್ನು ಸುತ್ತುತ್ತವೆ. ನಮ್ಮ ದೇಶದ ನಾವಿಕ್ ವ್ಯೂಹದ ಮೊದಲನೆಯ ಉಪಗ್ರಹವು 2013ರಲ್ಲಿ ಮೇಲೇರಿತು. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತವು ದೊರೆತರೆ ಸ್ಥಾನವು ತಿಳಿಯುತ್ತದೆ. ಹತ್ತಿರದ ಗೊತ್ತಾದ ಸ್ಥಳವೊಂದರಲ್ಲಿ ನಿಲ್ಲಿಸಿದ ಮತ್ತೊಂದು ಯಂತ್ರದ ತಿದ್ದುಪಡಿಯೂ ಸೇರಿದರೆ ಕೆಲವೇ ಸೆಂಟಿಮೀಟರುಗಳಷ್ಟು ನಿಖರವಾಗುತ್ತದೆ. ಆದರೆ ಹೀಗೆ ತಿಳಿಯುವದು ಛಾವಣಿಯ ಮೇಲಿನ ಆಂಟೆನಾದ ಸ್ಥಾನವೇ ಹೊರತು ನೇಗಿಲಿನ ಕುಳದ ಸ್ಥಾನವಲ್ಲ. ಆಂಟೆನಾ ನೆಲದಿಂದ 3 ಮೀಟರ್ ಎತ್ತರದಲ್ಲಿದ್ದು, ಗಾಡಿಯು 1 ಡಿಗ್ರಿ ಬಲಕ್ಕೆ ವಾಲಿದರೆ, ಆಂಟೆನಾ 5.2 ಸೆಂಟಿಮೀಟರ್ ಬಲಕ್ಕೆ ಸರಿಯುವದು. 5 ಡಿಗ್ರಿ ವಾಲಿದರೆ 26 ಸೆಂಟಿಮೀಟರ್. ಇಪ್ಪತ್ತು ಸಾವಿರ ಕಿಲೋಮೀಟರ್ ದೂರದಿಂದ ಬಂದ ಸತ್ಯವು ಕಡೆಯ ಮೂರು ಮೀಟರಿನಲ್ಲಿ ಕೆಡುವದೆಂದರೆ ಸೋಜಿಗವಲ್ಲವೇ!

ಆದಕಾರಣ ಯಂತ್ರದೊಳಗೆ ಓರೆಯನ್ನು ಅಳೆಯುವ ಒಂದು ಸಾಧನವಿರುತ್ತದೆ. ಅದು ಭೂಮಿಯ ಸೆಳೆತದ ದಿಕ್ಕನ್ನು ಅರಿತು, ಆಂಟೆನಾ ಸರಿದಷ್ಟನ್ನು ಕಳೆಯುತ್ತದೆ. ಆದರೆ ಪೆಟ್ಟಿಗೆಯನ್ನೇ ಛಾವಣಿಗೆ 1 ಡಿಗ್ರಿ ಓರೆಯಾಗಿ ಬಿಗಿದಿದ್ದರೆ? ಸಮನೆಲದಲ್ಲಿಯೂ ಅದು ಗಾಡಿಯು ವಾಲಿದೆಯೆಂದೇ ಹೇಳುವದು. ಗಾಡಿಯು ಹೋಗುವಾಗಲೂ ಬರುವಾಗಲೂ ತನ್ನ ಬಲಕ್ಕೇ 5.2 ಸೆಂಟಿಮೀಟರ್ ಸರಿದು ನಡೆಯುವದು. ಹೋಗುವ ಬಲವೂ ಬರುವ ಬಲವೂ ಎದುರುಬದುರಾದ್ದರಿಂದ, ಹೋಗುವಾಗ ಒಂದು, ಬರುವಾಗ ಒಂದು ಎಂದು ಎಳೆದ 122 ಸೆಂಟಿಮೀಟರ್ ಅಂತರದ ಸಾಲುಗಳು ಒಮ್ಮೆ ಸುಮಾರು 132, ಒಮ್ಮೆ 112 ಆಗುವವು. ಹನಿ ನೀರಾವರಿಯ ಕೊಳವೆಗಳನ್ನು ಹೂಳಿದ ಹೊಲದಲ್ಲಿ ಕುಳವು ಕೊಳವೆಯನ್ನೇ ಸೀಳೀತು.

ಇದನ್ನು ತಿದ್ದಲು ಸಮನೆಲವನ್ನು ಹುಡುಕಬೇಕಾಗಿಲ್ಲ, ಗಟ್ಟಿನೆಲವಿದ್ದರೆ ಸಾಕು. ಎರಡೂ ಕಡೆಯ ಗಾಲಿಗಳ ಗಾಳಿಯನ್ನು ಮೊದಲು ಸಮಮಾಡಬೇಕು. ಗಾಲಿಗಳು ನಿಂತ ಜಾಗವನ್ನು ಸುಣ್ಣದಿಂದ ಗುರುತಿಸಿ, ಗಾಡಿಯ ಅಲುಗಾಟವು ನಿಂತ ಮೇಲೆ ಓರೆಯನ್ನು ಓದಿಕೊಳ್ಳಬೇಕು. ತರುವಾಯ ಗಾಡಿಯನ್ನು ಹಿಂದುಮುಂದಾಗಿ ತಿರುಗಿಸಿ, ಎಡಗಾಲಿಗಳು ಬಲಗಾಲಿಗಳಿದ್ದ ಗುರುತಿನ ಮೇಲೆ ಬರುವಂತೆ ಅಲ್ಲಿಯೇ ನಿಲ್ಲಿಸಿ ಮತ್ತೆ ಓದಬೇಕು. ಮೊದಲು ಬಲಕ್ಕೆ 3 ಡಿಗ್ರಿ, ಅನಂತರ ಎಡಕ್ಕೆ 1 ಡಿಗ್ರಿ ಬಂತೆನ್ನೋಣ. ನೆಲದ ಇಳಿಜಾರು ಗಾಡಿಯೊಡನೆ ತಿರುಗುವದಿಲ್ಲ. ಪೆಟ್ಟಿಗೆಯ ತಪ್ಪು ತಿರುಗುತ್ತದೆ. ಆದ್ದರಿಂದ 3ರಿಂದ 1ನ್ನು ಕಳೆದು ಅರ್ಧಮಾಡಿದರೆ ಪೆಟ್ಟಿಗೆಯ ತಪ್ಪು ಬಲಕ್ಕೆ 1 ಡಿಗ್ರಿ. ಕೂಡಿಸಿ ಅರ್ಧಮಾಡಿದರೆ ನೆಲದ ಇಳಿಜಾರು 2 ಡಿಗ್ರಿ. ಪೆಟ್ಟಿಗೆಯನ್ನು ಬಿಚ್ಚಿ ಮತ್ತೆ ಬಿಗಿದಾಗಲೆಲ್ಲ ಇದನ್ನು ಹೊಸದಾಗಿ ಮಾಡತಕ್ಕದ್ದು.

ಗೌಂಡಿಯು ರಸಮಟ್ಟವನ್ನು ತುದಿ ಬದಲಿಸಿಟ್ಟು ಪರೀಕ್ಷಿಸುವದೂ ಇದೇ ನ್ಯಾಯದಿಂದ. ಜ್ಞಾನೋಕ್ತಿಗಳಲ್ಲಿ ಮೋಸದ ತ್ರಾಸಿನ ವಿಷಯವಾಗಿ ಓದಿದ್ದೇವಷ್ಟೆ. ತಟ್ಟೆಗಳಲ್ಲಿಯ ಸರಕನ್ನೂ ತೂಕದ ಕಲ್ಲನ್ನೂ ಅದಲುಬದಲು ಮಾಡಿದರೆ ಆ ಮೋಸವೂ ಹೊರಬೀಳುವದು.

ರಬಕವಿ-ಬನಹಟ್ಟಿಯ ನೇಕಾರರ ಮನೆಗಳ ಹುಡುಗಿಯರು ಟ್ರ್ಯಾಕ್ಟರಿಲ್ಲವೆಂದು ಸುಮ್ಮನಿರಬೇಕಾಗಿಲ್ಲ. ಮನೆಯ ಮೊಬೈಲಿನಲ್ಲಿಯೂ ಇಂಥ ಸಾಧನವಿದೆ. ಮೇಜಿನ ಮೇಲೆ ಗುರುತು ಮಾಡಿ, ಮೊಬೈಲನ್ನು ಅದರಲ್ಲಿಟ್ಟು ಓರೆಯನ್ನು ಓದಿರಿ. ಅಲ್ಲಿಯೇ ಅರ್ಧ ಸುತ್ತು ತಿರುಗಿಸಿ ಮತ್ತೆ ಓದಿರಿ. ಮೇಜಿನ ಓರೆಯೆಷ್ಟು, ಮೊಬೈಲಿನ ತಪ್ಪೆಷ್ಟು ಎಂಬದನ್ನು ಬೇರೆಮಾಡಿದ ಮೇಲೆ ಈ ಲೆಕ್ಕವನ್ನೂ ಬಿಡಿಸಿರಿ: ಆಂಟೆನಾದ ಎತ್ತರ 2.8 ಮೀಟರ್, ತಪ್ಪು ಅರ್ಧ ಡಿಗ್ರಿ. ಸಾಲು ಎಷ್ಟು ಸರಿಯುವದು? ಉತ್ತರ: ಸುಮಾರು 2.4 ಸೆಂಟಿಮೀಟರ್.