ಬೀಜ ಆರಿಸುವ ಯಂತ್ರ: ಕಣ್ಣಿನಷ್ಟೇ ನರವೂ ಮುಖ್ಯ



ಬಣ್ಣ ನೋಡಿ ಕಾಫಿ ಬೀಜ ಆರಿಸುವ ಯಂತ್ರದಲ್ಲಿ ಕ್ಯಾಮೆರಾ ಬೀಳುವ ಬೀಜದ ಚಿತ್ರ ಹಿಡಿಯುತ್ತದೆ. ಕೇಬಲ್ ಅದನ್ನು ಕಂಪ್ಯೂಟರಿಗೆ ಒಯ್ಯುತ್ತದೆ. ಬೀಜ ಕಪ್ಪಾಗಿದ್ದರೆ ಗಾಳಿ ಊದಿ ಹೊರತಳ್ಳುತ್ತದೆ. ಕೊಳ್ಳುವಾಗ ನಾವು ಕ್ಯಾಮೆರಾವನ್ನಷ್ಟೇ ವಿಚಾರಿಸುತ್ತೇವೆ, ಕೇಬಲನ್ನು ಮರೆಯುತ್ತೇವೆ.

ಲೆಕ್ಕ ನೋಡೋಣ. ಗೆರೆಗೆ 2048 ಚುಕ್ಕೆ, ಚುಕ್ಕೆಗೆ 3 ಬಣ್ಣ, ಬಣ್ಣಕ್ಕೆ 1 ಬೈಟ್ ಮಾಹಿತಿ, ಸೆಕೆಂಡಿಗೆ 10,000 ಗೆರೆ ಎಂದರೆ ಸೆಕೆಂಡಿಗೆ ಸುಮಾರು 6 ಕೋಟಿ ಬೈಟ್. 2006ರ ಗಿಗ್‌ಇ ವಿಷನ್ ಪದ್ಧತಿಯ 1 ಗಿಗಾಬಿಟ್ ಕೇಬಲ್ ಹೆಚ್ಚೆಂದರೆ 12.5 ಕೋಟಿ ಬೈಟ್ ಒಯ್ಯುತ್ತದೆ, 100 ಮೀಟರ್ ದೂರದವರೆಗೆ. 2000ದ ಕ್ಯಾಮೆರಾ ಲಿಂಕ್‌ನ ಮೂಲ ರೂಪ 25.5 ಕೋಟಿ ಒಯ್ಯುತ್ತದೆ. ದೂರ ಮಾತ್ರ ಸುಮಾರು 10 ಮೀಟರ್.

ಮುಡುಕುತೊರೆ ಬಳಿಯ ಮಾಧವಮಂತ್ರಿ ನಾಲೆಯ ಬಯಲಿನವರು ಬಲ್ಲರು: ನಾಲೆ ಅಗಲವಿದ್ದರೆ ಸಾಲದು, ನೀರು ಸರದಿಗೆ ಸರಿಯಾಗಿ ಬರಬೇಕು. ಇಲ್ಲಿಯೂ ಹಾಗೆಯೇ. ಸೆಕೆಂಡಿಗೆ 3 ಮೀಟರ್ ವೇಗದ ಬೀಜ 5 ಮಿಲಿಸೆಕೆಂಡಿನಲ್ಲಿ 15 ಮಿ.ಮೀ. ಸರಿಯುತ್ತದೆ. ತಡ ಪ್ರತಿ ಸಲವೂ ಒಂದೇ ಆದರೆ ಯಂತ್ರವನ್ನು ಅದಕ್ಕೆ ಹೊಂದಿಸಬಹುದು. ಏರುಪೇರಾದರೆ ಕಪ್ಪು ಬೀಜ ಚೀಲ ಸೇರುತ್ತದೆ, ಹಿಂದೆ ಬಂದ ಒಳ್ಳೆಯ ಬೀಜ ಹೊರಬೀಳುತ್ತದೆ. ನಷ್ಟ ನಮ್ಮದು.

ಆದುದರಿಂದ ಹಣ ಕಟ್ಟುವ ಮುನ್ನ ನಮ್ಮದೇ ಒಂದು ಚೀಲ ಬೀಜವನ್ನು ಯಂತ್ರದ ಪೂರ್ಣ ವೇಗದಲ್ಲಿ ಹಾಯಿಸೋಣ. ಹೊರಬಿದ್ದ ರಾಶಿಯಲ್ಲಿ ಒಳ್ಳೆಯ ಬೀಜವೆಷ್ಟೆಂದು ತೂಗಿ ನೋಡೋಣ.