ಸಮದುಃಖಿಗಳ ಸಂಗ

ಶ್ವಾಸಕೋಶದ ರೋಗಿಯನ್ನು ಜನರು ದೂರವಿರಿಸುತ್ತಿದ್ದ ಕಾಲವನ್ನು ಮೈಸೂರಿನ ಕೃಷ್ಣಾಜಮ್ಮಣ್ಣಿ ಕ್ಷಯರೋಗ ಆಸ್ಪತ್ರೆ ನೆನಪಿಗೆ ತರುತ್ತದೆ. ಅಂಥ ಕಾಲದಲ್ಲಿಯೇ, 1905ರಲ್ಲಿ, ಅಮೆರಿಕದ ಬಾಸ್ಟನ್ ನಗರದ ವೈದ್ಯ ಜೋಸೆಫ್ ಪ್ರ್ಯಾಟ್ ಕ್ಷಯರೋಗಿಗಳನ್ನು ವಾರಕ್ಕೊಮ್ಮೆ ಒಂದೆಡೆ ಕಲೆಹಾಕಿದನು. ಒಬ್ಬನ ಚೇತರಿಕೆ ಇನ್ನೊಬ್ಬನಿಗೆ ಧೈರ್ಯವಾಯಿತು.

ಶ್ವಾಸಕೋಶದ ಕ್ಯಾನ್ಸರ್ ಪೀಡಿತರಿಗೂ ಇಂಥ ಸಂಗ ಅವಶ್ಯಕ. ‘ಧೂಮಪಾನದ ಫಲ’ ಎಂಬ ಲೋಕನಿಂದೆಗೆ ಅಂಜಿ ಅನೇಕರು ಮೌನ ತಾಳುತ್ತಾರೆ. ಬೀಡಿ ಸಿಗರೇಟು ಮುಟ್ಟದವರಿಗೂ ಈ ರೋಗ ಬರುವುದುಂಟು.

ಸಂಗದಿಂದ ಆಯುಷ್ಯ ಬೆಳೆಯುವುದೇ? ಸ್ತನದ ಕ್ಯಾನ್ಸರಿನ 86 ಸ್ತ್ರೀಯರನ್ನು ಕುರಿತ 1989ರ ಅಧ್ಯಯನ ಹೌದೆಂದಿತು. 235 ಸ್ತ್ರೀಯರನ್ನು ಕುರಿತ 2001ರ ಅಧ್ಯಯನ ಅದನ್ನು ಸಮರ್ಥಿಸಲಿಲ್ಲ. ಆದರೆ ಮನಸ್ಸಿನ ತಳಮಳವೂ ನೋವೂ ತಗ್ಗಿದುದು ಅದರಲ್ಲಿ ಕಂಡುಬಂದಿತು.

ಆದುದರಿಂದ ರೋಗಿಯು ಚಿಕಿತ್ಸೆಯನ್ನು ಬಿಡದೆ, ತನ್ನಂತೆ ನೊಂದವರನ್ನು ಅವರ ಒಪ್ಪಿಗೆಯಿಂದ ಪರಿಚಯಿಸುವಂತೆ ವೈದ್ಯರನ್ನು ಕೇಳಬೇಕು. ಹೊರೆಯ ಭಾರವನ್ನು ಹೊತ್ತವನೇ ಬಲ್ಲ.